ಗೀಚಿದವರು ಯಾರು?

ಕಾಗೆ, ಗುಬ್ಬಿ, ಕೋಳಿ ಈ ಮೂವರೂ ಯಾವ ಶಾಲೆಗೂ ಸೇರಿದವರಲ್ಲ. ಆದರೂ ನಮ್ಮ ಪ್ರೈಮರಿ ಶಾಲೆಯಲ್ಲಿ ಹಾಜರಿ ಕೂಗುವ ಹೊತ್ತೊಂದನ್ನು ಬಿಟ್ಟರೆ ದಿನವಿಡೀ ಕೇಳಿಬರುತ್ತಿದ್ದದ್ದು ಅವರ ಹೆಸರೇ. "ಏನೋ ಇದು, ಕಾಗೆ ಕಾಲು ಗುಬ್ಬಿ ಕಾಲು?" "ಕೋಳಿ ಕೆದರಿದ ಹಾಗಿದೆಯಲ್ಲೋ!" "ಇರುವೆನ ಶಾಯಿಗೆ ಅದ್ದಿ ಹಾಳೆ ಮೇಲೆ ಬಿಟ್ಟೆಯೇನೋ?" ಮೇಷ್ಟರು ಪ್ರಾಣಿಶಾಸ್ತ್ರ ಓದಿದವರಲ್ಲ, ನನ್ನ ಕಾಪಿ ಪುಸ್ತಕ ತಿದ್ದಿ ತಿದ್ದಿ ಅಷ್ಟು ಪಾಂಡಿತ್ಯ ಬಂದಿತ್ತು. ಅಕ್ಷರ ಚೆನ್ನಾಗಿದ್ದವರಿಗೆ ಅವರ ಹತ್ತಿರ ಇದ್ದದ್ದು ಒಂದೇ ಮಾತು, "ಮುತ್ತು ಪೋಣಿಸಿದ ಹಾಗಿದೆ." ಹುಡುಗಿಯರ ಸಾಲಿನ ಇಬ್ಬರು ಮೂವರಿಗೆ ಆ ಮಾತು ಮೀಸಲಾಗಿತ್ತು. ಒಳ್ಳೆಯ ಅಕ್ಷರಕ್ಕೆ ಒಂದು ಮುತ್ತು, ಕೆಟ್ಟ ಅಕ್ಷರಕ್ಕೆ ಇಡೀ ಹಿತ್ತಿಲು. ನಮ್ಮ ಭಾಷೆ ಯಾವ ಕಡೆ ಕೈ ಬಿಚ್ಚಿ ಖರ್ಚು ಮಾಡಿದೆ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಈ ಬೈಗುಳಗಳಿಗೆಲ್ಲ ಅರ್ಥ ಒಂದೇ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲ ಎಂದು ಗೊತ್ತಾದದ್ದು ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಿಮೆಂಟು ಹಾಕಿಸಿದಾಗ. ಗಾರೆಯವನು ಊಟಕ್ಕೆ ಹೋದ ಸಮಯ ನೋಡಿಕೊಂಡು ಕಾಗೆಯೊಂದು ಹಸಿ ಸಿಮೆಂಟಿನ ಈ ತುದಿಯಿಂದ ಆ ತುದಿಯವರೆಗೆ ನಡೆದುಹೋಯಿತು. ಗುರುತು ಇವತ್ತಿಗೂ ಇದೆ. ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಒಂದು, ಪ್ರತಿ ಹೆಜ್ಜೆಯಲ್ಲೂ ಅದೇ ಅಳತೆ. ಒಂದರ ಮುಂದೆ ಒಂದು, ಸಾಲು ಎಲ್ಲೂ ಡೊಂಕಾಗಿಲ್ಲ. ನಾಲ್ಕು ಗೆರೆಯ ಪುಸ್ತಕದಲ್ಲೂ ನಾನು ಇಷ್ಟು ನೆಟ್ಟಗೆ ಹೋದವನಲ್ಲ. ಕಾಗೆಗೆ ಮೇಷ್ಟರಿಂದ ಅನ್ಯಾಯವಾಗಿದೆ ಅನ್ನಿಸಿತು. ಆಮೇಲೆ ಯೋಚಿಸಿದರೆ, ಅವರು ಬರೀ ಕಾಗೆ ಕಾಲು ಅಂದವರಲ್ಲ, ಜೊತೆಗೆ ಗುಬ್ಬಿಯನ್ನೂ ಕರೆದಿದ್ದಾರೆ. ಕಾಗೆ ನಡೆಯುತ್ತದೆ, ಗುಬ್ಬಿ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ಒಂದು ಅಕ್ಷರ ದೊಡ್ಡದು, ಪಕ್ಕದ್ದು ಚಿಕ್ಕದು. ಒಂದು ನಡೆಯುತ್ತಿದೆ, ಪಕ್ಕದ್ದು ನೆಗೆಯುತ್ತಿದೆ. ಇಬ್ಬರೂ ಒಂದೇ ಗೆರೆಯ ಮೇಲೆ ಓಡಾಡಿದರೆ ಆಗುವುದೇ ಕಾಗೆ ಕಾಲು ಗುಬ್ಬಿ ಕಾಲು. ನನ್ನ ಬರಹಕ್ಕೆ ಇದಕ್ಕಿಂತ ಕರಾರುವಾಕ್ಕಾದ ವರ್ಣನೆಯನ್ನು ಆಮೇಲೆ ಯಾರೂ ಕೊಟ್ಟಿಲ್ಲ.

ಕೋಳಿ ಕೆದರಿದ್ದು ಇದಕ್ಕಿಂತ ಒಂದು ಕೈ ಮೇಲು. ಅಲ್ಲಿ ಅಕ್ಷರ ಇರುವುದೇ ಇಲ್ಲ, ಯಾರೋ ಅಲ್ಲಿ ಏನನ್ನೋ ಹುಡುಕಿದ ಕುರುಹು ಮಾತ್ರ ಇರುತ್ತದೆ. ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ಬರೆದ ಉತ್ತರಗಳು ಈ ಜಾತಿಯವು. ವಿದ್ಯಾರ್ಥಿ ನಿಜಕ್ಕೂ ಉತ್ತರವನ್ನು ಹುಡುಕುತ್ತಲೇ ಇರುತ್ತಾನೆ. ಇರುವೆಯ ಮಾತು ಕಾಗದ ಉಳಿಸಲೆಂದು ಸಣ್ಣಗೆ ಬರೆಯುವವರಿಗೆ. ಹಿಂದೆ ಇನ್‌ಲ್ಯಾಂಡ್ ಲೆಟರಿನ ಮಡಿಚುವ ಅಂಚಿನಲ್ಲೂ, ಅಂಟು ಹಚ್ಚುವ ಜಾಗದಲ್ಲೂ "ಕರು ಹಾಕಿದೆ, ಹೆಣ್ಣು" ಎಂದು ಸೇರಿಸುತ್ತಿದ್ದರಲ್ಲ, ಅವರಿಗೆ.

ಕೊನೆಯ ಮೆಟ್ಟಿಲು ಬ್ರಹ್ಮಲಿಪಿ. ಇದನ್ನು ಮಕ್ಕಳಿಗೆ ಹೇಳುವುದು ಕಡಿಮೆ, ದೊಡ್ಡವರ ಬರಹಕ್ಕೇ ಸಲ್ಲುವ ಮಾತು. ಬರೆದವನನ್ನು ಬಿಟ್ಟು ಇನ್ನಾರೂ ಓದಲಾರರು ಎಂದು ಅರ್ಥ. ಬ್ರಹ್ಮ ಬರೆಯುವುದೂ ಹಣೆಯ ಮೇಲೆ, ವಾರಸುದಾರನಿಗೇ ಕಾಣದ ಜಾಗದಲ್ಲಿ. ನಮ್ಮ ದೇಶದ ಜನಸಂಖ್ಯೆ ನೋಡಿದರೆ ಅವನಿಗೂ ದುಂಡಗೆ ಬರೆಯಲು ಪುರಸೊತ್ತು ಸಿಕ್ಕಿರಲಾರದು. ಹಣೆಬರಹ ಸರಿಯಿಲ್ಲ ಎಂದು ಗೋಳಾಡುವವರು, ಅದನ್ನು ಓದಿ ಹೇಳಿದವರು ಸರಿಯಾಗಿ ಓದಿದರೋ ಇಲ್ಲವೋ ಅಂತ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೊರಗಿನವರೂ ಈ ವಿಷಯದಲ್ಲಿ ಪಶುಪಕ್ಷಿಗಳನ್ನು ಬಿಟ್ಟಿಲ್ಲ. ತಮಿಳರಿಗೂ ಇಂಗ್ಲಿಷರಿಗೂ ಕೋಳಿಯೇ ಗತಿ. ಫ್ರೆಂಚರು ನೊಣದ ಕಾಲು ಹಿಡಿದಿದ್ದಾರೆ. ಜರ್ಮನರು ಹಂದಿಯ ಗೊರಸಿನವರೆಗೂ ಹೋಗಿದ್ದಾರೆ, ಅವರು ಏನು ಮಾಡಿದರೂ ಸ್ವಲ್ಪ ಬಲವಾಗಿಯೇ ಮಾಡುವವರು.

ನಮ್ಮ ಕಷ್ಟ ಬೇರೆ. ಕನ್ನಡದ ಅಕ್ಷರ ಹುಟ್ಟಾ ದುಂಡು. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ನಮ್ಮ ಲಿಪಿ ದುಂಡಗಾಯಿತು ಎಂದು ಹೇಳುವುದುಂಟು. ಆದ್ದರಿಂದಲೇ ಇರಬೇಕು, ನಮ್ಮಲ್ಲಿ ಯಾರೂ ಮಕ್ಕಳಿಗೆ "ಚೆನ್ನಾಗಿ ಬರಿ" ಅನ್ನುವುದಿಲ್ಲ, "ದುಂಡಗೆ ಬರಿ" ಅನ್ನುತ್ತಾರೆ. ದುಂಡಗೆ ಸುತ್ತುವುದಕ್ಕೆ ಸಮಯ ಬೇಕು. ಅವಸರದಲ್ಲಿ ಮೊದಲು ಹಾರಿಹೋಗುವುದು ತಲೆಕಟ್ಟು. ಅದರ ಹಿಂದೆಯೇ ಗುಡಿಸು ಬಿಚ್ಚಿಕೊಳ್ಳುತ್ತದೆ, ಕೊಂಬು ಪಕ್ಕದ ಅಕ್ಷರವನ್ನು ಹಾಯುತ್ತದೆ. ಒತ್ತಕ್ಷರಗಳ ಪಾಡಂತೂ ಕೇಳುವುದೇ ಬೇಡ. ಯಾವ ಒತ್ತು ಯಾವುದು ಎಂಬ ಭೇದವೆಲ್ಲ ಅಳಿಸಿಹೋಗಿ ಎಲ್ಲವೂ ಒಂದೇ ಬಾಲವಾಗಿ ಕೆಳಗಿನ ಸಾಲಿನವರ ತಲೆಯ ಮೇಲೆ ಜೋತಾಡುತ್ತವೆ. ಕೆಳಗಿನ ಸಾಲಿನಲ್ಲಿ ತಲೆಕಟ್ಟು ಕಳೆದುಕೊಂಡ ಅಕ್ಷರವಿದ್ದರೆ ಆ ಬಾಲವೇ ಅದಕ್ಕೆ ತಲೆಕಟ್ಟಾಗುವುದೂ ಉಂಟು.

ಅವಸರ ಎಂದರೆ ಕೆಟ್ಟ ಬರಹ ಅಂತಲೇ ಎಲ್ಲರೂ ತಿಳಿಯುತ್ತಾರೆ. ಇದನ್ನು ಗದುಗಿನ ಕುಮಾರವ್ಯಾಸನ ಮುಂದೆ ಹೇಳಬೇಕಿತ್ತು. ಹದಿನೈದನೆಯ ಶತಮಾನದಲ್ಲಿ ಆತ ತನ್ನ ಭಾರತದ ಮೊದಲಿಗೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ: ತಾನು ಹಲಗೆ ಬಳಪ ಹಿಡಿದು ಕರಡು ಮಾಡುವವನಲ್ಲ, ಇಟ್ಟ ಪದವನ್ನು ಅಳಿಸುವವನಲ್ಲ, ಗರಿಯ ಮೇಲೆ ಕಂಟ ಓಡುವ ಸದ್ದು ನಡುವೆ ನಿಲ್ಲುವುದೇ ಇಲ್ಲ ಎಂದು. ಚಿತ್ತಿಲ್ಲ, ಕಾಟಿಲ್ಲ, ನಿಲ್ಲುವುದಂತೂ ಇಲ್ಲವೇ ಇಲ್ಲ. ಅದೇ ವೇಗದಲ್ಲಿ ನಾನು ಸಮಾಜ ಪರೀಕ್ಷೆ ಬರೆದಾಗ ಮೇಷ್ಟರು ಹೊಗಳಲಿಲ್ಲ. ಬರೆದವರು ಯಾರು ಎಂಬುದು ಮುಖ್ಯ.

ಆ ಕಾಲದಲ್ಲಿ ಪ್ರತಿ ಮಾಡುವವರ ಗತಿಯನ್ನೂ ನೆನೆಯಬೇಕು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದಳು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ, "ಅತ್ತಿಮಬ್ಬೆ ಯಾರು? ಎರಡು ವಾಕ್ಯದಲ್ಲಿ ಉತ್ತರಿಸಿ" ಎಂಬುದಕ್ಕೆ ಉತ್ತರವನ್ನೂ ಬರೆದಿದ್ದೇವೆ. ಸಾವಿರ ಪ್ರತಿ ಬರೆದವರ ಬೆನ್ನಿನ ಬಗ್ಗೆ ಯಾರೂ ಪ್ರಶ್ನೆ ಕೇಳಲಿಲ್ಲ. ಅವರು ಕೇಳಿಕೊಂಡಿದ್ದಾರೆ. ಹಳೆಯ ಓಲೆಗರಿಗಳ ಕೊನೆಯಲ್ಲಿ ಪ್ರತಿಕಾರರು ಒಂದು ಶ್ಲೋಕ ಸೇರಿಸುವ ವಾಡಿಕೆಯಿತ್ತು. ಬೆನ್ನು ಮುರಿದು, ಸೊಂಟ ಮುರಿದು, ಕತ್ತು ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಅದರ ಭಾವ. ಇನ್ನೊಂದು ಶ್ಲೋಕ ಅದಕ್ಕಿಂತ ಜಾಣತನದ್ದು: ಮೂಲದಲ್ಲಿ ಹೇಗಿತ್ತೋ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ನನ್ನದಲ್ಲ. ಈ ಶ್ಲೋಕ ನನಗೆ ಆರನೇ ಕ್ಲಾಸಿನಲ್ಲೇ ಗೊತ್ತಿರಬೇಕಿತ್ತು.

ಆರನೇ ಕ್ಲಾಸಿನಲ್ಲಿ ನಮಗೆ ಗೊತ್ತಿದ್ದದ್ದು ಎರಡು ಬಗೆಯ ಕಾಪಿ. ಕಾಪಿ ಬರೆದರೆ ಮಾರ್ಕು, ಕಾಪಿ ಹೊಡೆದರೆ ಏಟು. ನನ್ನ ಪಕ್ಕ ಕೂರುತ್ತಿದ್ದವನು ಎರಡನೆಯದರಲ್ಲಿ ನಿಷ್ಣಾತ. ಅರ್ಧವಾರ್ಷಿಕ ಪರೀಕ್ಷೆಯ ದಿನ ನನ್ನ ಉತ್ತರ ಪತ್ರಿಕೆಯತ್ತ ಕತ್ತು ಚಾಚಿ, ಕಣ್ಣು ಕಿರಿದು ಮಾಡಿ, ಅಗಲ ಮಾಡಿ ನೋಡಿ, "ಥೂ, ನಿನ್ನ ಹತ್ರ ಕೂತು ಏನೂ ಪ್ರಯೋಜನ ಇಲ್ಲ ಮಾರಾಯ" ಎಂದು ಪಿಸುಗುಟ್ಟಿ ಸ್ವಂತ ಬುದ್ಧಿಯಿಂದ ಬರೆಯಲು ಕೂತ. ಪಾಸೂ ಆದ. ಈಗ ಅವನು ಲೆಕ್ಕ ಪರಿಶೋಧಕನಾಗಿ ಊರಿಗೆಲ್ಲ ಪ್ರಾಮಾಣಿಕತೆ ಬೋಧಿಸುತ್ತಾನೆ. ಮೂಲ ಬಂಡವಾಳ ಹೂಡಿದವನು ನಾನು ಎಂದು ಎಲ್ಲೂ ಹೇಳುವುದಿಲ್ಲ.

ನನ್ನ ಪರವಾಗಿ ಗಾಂಧೀಜಿಯವರನ್ನು ಕರೆಯಬಹುದು ಎಂದು ಒಮ್ಮೆ ಆಸೆಪಟ್ಟಿದ್ದೆ. ಅವರ ಅಕ್ಷರವೂ ಚೆನ್ನಾಗಿರಲಿಲ್ಲ. ಆದರೆ ಆತ್ಮಕಥೆ ತೆರೆದರೆ ಅವರು ಎದುರು ಪಕ್ಷ ಸೇರಿಬಿಟ್ಟಿದ್ದಾರೆ. ಒಳ್ಳೆಯ ಅಕ್ಷರ ವಿದ್ಯೆಯ ಭಾಗವಲ್ಲ ಎಂದುಕೊಂಡು ಚಿಕ್ಕಂದಿನಲ್ಲಿ ಅಲಕ್ಷಿಸಿದೆ, ದಕ್ಷಿಣ ಆಫ್ರಿಕಾದಲ್ಲಿ ವಕೀಲರ, ಅಲ್ಲೇ ಹುಟ್ಟಿ ಓದಿದ ಯುವಕರ ಅಂದವಾದ ಬರಹ ನೋಡಿ ನಾಚಿಕೆಪಟ್ಟೆ, ಕೆಟ್ಟ ಅಕ್ಷರ ಅರೆಬೆಂದ ವಿದ್ಯೆಯ ಲಕ್ಷಣ ಎಂಬರ್ಥದಲ್ಲಿ ಬರೆದಿದ್ದಾರೆ. ಮಕ್ಕಳಿಗೆ ಮೊದಲು ಚಿತ್ರ ಬಿಡಿಸಲು ಕಲಿಸಿ, ಅಕ್ಷರ ಆಮೇಲೆ ಎಂದು ಸಲಹೆ ಬೇರೆ. ಇಷ್ಟು ಹೇಳಿದವರು 1909ರಲ್ಲಿ ಲಂಡನ್ನಿನಿಂದ ಹಿಂತಿರುಗುವಾಗ ಹಡಗಿನಲ್ಲಿ ಕೂತು ಸುಮಾರು 275 ಪುಟದ 'ಹಿಂದ್ ಸ್ವರಾಜ್' ಹಸ್ತಪ್ರತಿಯನ್ನು ಹತ್ತೇ ದಿನದಲ್ಲಿ ಬರೆದು ಮುಗಿಸಿದರು. ಬಲಗೈ ಸೋತಾಗ ಎಡಗೈಯಲ್ಲಿ ನಲವತ್ತರಷ್ಟು ಪುಟ ಬರೆದರು. ಎಡಗೈಯ ಪುಟಗಳನ್ನು ನಮ್ಮ ಮೇಷ್ಟರು ನೋಡಿದ್ದರೆ ಯಾವ ಪಕ್ಷಿಯನ್ನು ಕರೆಯುತ್ತಿದ್ದರೋ ಕಾಣೆ. ಕರೆಯುತ್ತಿರಲಿಲ್ಲ ಅನ್ನಿ, ಕೈಮುಗಿಯುತ್ತಿದ್ದರು.

ನಾನು ಹೇಳಬೇಕೆಂದಿರುವುದು ಇದನ್ನೇ. ನಮ್ಮಲ್ಲಿ ಕೆಟ್ಟ ಅಕ್ಷರಕ್ಕೆ ಹೆಸರಿಡುವಾಗ ಯಾರೂ ಅಕ್ಷರ ನೋಡುವುದಿಲ್ಲ, ಕೈ ನೋಡುತ್ತಾರೆ. ಹುಡುಗ ಬರೆದರೆ ಕಾಗೆ ಕಾಲು. ಅದೇ ಹುಡುಗ ಎಂ.ಬಿ.ಬಿ.ಎಸ್. ಮುಗಿಸಿ ಅದೇ ಕಾಲನ್ನು ಚೀಟಿಯ ಮೇಲೆ ಊರಿದರೆ 'ಡಾಕ್ಟರ್ ಅಕ್ಷರ'. ಈ ಮಾತಿನಲ್ಲಿ ಬೈಗುಳದ ಅಂಶ ಎಷ್ಟಿದೆಯೋ ಗೌರವದ ಅಂಶವೂ ಅಷ್ಟೇ ಇದೆ. ನಮ್ಮೂರಲ್ಲಿ ಹೊಸದಾಗಿ ಬಂದ ಡಾಕ್ಟರೊಬ್ಬರು ಒಂದೊಂದೇ ಅಕ್ಷರ ಬಿಡಿಸಿ ಸ್ಪಷ್ಟವಾಗಿ ಬರೆಯುತ್ತಿದ್ದರು. ರೋಗಿಗಳು ಚೀಟಿಯನ್ನು ತಾವೇ ಓದಿಕೊಂಡು, "ಇನ್ನೂ ಕೈ ಪಳಗಿಲ್ಲ ಅನ್ನಿಸುತ್ತೆ" ಎಂದು ಹಳೆಯ ಡಾಕ್ಟರ ಹತ್ತಿರ ಹೋದರು.

ಹಳೆಯ ಡಾಕ್ಟರ ಚೀಟಿಯನ್ನು ಮೆಡಿಕಲ್ ಶಾಪಿನ ಹುಡುಗ ಓದುವ ಬಗೆಯನ್ನು ನಾನು ಕೌಂಟರಿಗೆ ಮೊಣಕೈ ಊರಿ ನಿಂತು ಗಮನಿಸಿದ್ದೇನೆ. ಮೊದಲು ಚೀಟಿಯನ್ನು ಒಂದು ಸಲ ನೋಡುತ್ತಾನೆ. ಆಮೇಲೆ ನನ್ನ ಮುಖ. "ಶುಗರ್ ಇದೆಯಾ ಅಂಕಲ್?" ಅನ್ನುತ್ತಾನೆ. ಇಲ್ಲ ಅಂದರೆ ಮತ್ತೆ ಚೀಟಿ. "ಮಂಡಿ ನೋವಾ?" ಹೌದು ಅನ್ನುತ್ತಿದ್ದಂತೆ ಮುಖ ಅರಳಿ, ತಿರುಗಿಯೂ ನೋಡದೆ ಹಿಂದಿನ ಖಾನೆಗೆ ಕೈ ಹಾಕಿ ಪಟ್ಟಿ ತೆಗೆಯುತ್ತಾನೆ. ಅವನು ಓದಿದ್ದು ಚೀಟಿಯನ್ನಲ್ಲ, ನನ್ನನ್ನು. ಸರ್ಕಾರಕ್ಕೂ ಇದು ತಿಳಿದಿರಬೇಕು. 2016ರಲ್ಲಿ ವೈದ್ಯಕೀಯ ಪರಿಷತ್ತಿನ ನಿಯಮಕ್ಕೆ ತಿದ್ದುಪಡಿ ತಂದು, ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಆದಷ್ಟೂ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು ಎಂದು ಹೇಳಿದರು. 2018ರಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ, ಗಾಯದ ವರದಿಗಳನ್ನು ಓದಲಾಗದಂತೆ ಬರೆದ ಮೂವರು ಡಾಕ್ಟರಿಗೆ ತಲಾ 5000 ರೂಪಾಯಿ ದಂಡ ಹಾಕಿತು. ಡಾಕ್ಟರು ಹೇಳುವುದರಲ್ಲೂ ನ್ಯಾಯವಿದೆ. ಹೊರಗೆ ಬೆಂಚಿನ ಮೇಲೆ ಅರವತ್ತು ಜನ ಕೆಮ್ಮುತ್ತಾ ಕೂತಿರುವಾಗ ದುಂಡಗೆ ಬರೆಯಲು ಕೂತರೆ ಅರವತ್ತನೆಯವನು ತಾನಾಗಿಯೇ ವಾಸಿಯಾಗಿ ಎದ್ದು ಹೋಗುತ್ತಾನೆ.

ಡಾಕ್ಟರಿಗಿಂತ ಮೊದಲು ಈ ಪೀಠದಲ್ಲಿ ಕೂತಿದ್ದವರು ಶಾನುಭೋಗರು. ಅವರು ಗೀಚಿದ್ದಕ್ಕೆ 'ಮೋಡಿ' ಎಂದು ಹೆಸರು. ಕೈ ಎತ್ತದೆ, ಅಕ್ಷರಕ್ಕೆ ಅಕ್ಷರ ಕೊಂಡಿ ಹಾಕಿ ಓಡಿಸುವ ಬರಹ. ಮರಾಠಿಯ ಮೋಡಿ ಉತ್ತರ ಕರ್ನಾಟಕದ ದಫ್ತರಗಳಲ್ಲಿ ಓಡಾಡಿದರೆ, ಹಳೇ ಮೈಸೂರು, ಮಲೆನಾಡಿನ ಕಡೆ ಕನ್ನಡದ್ದೇ ಮೋಡಿ ಇತ್ತು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಪಟ್ಟಿ ಪಟ್ಟಿಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದಕ್ಕೆ ಕಡತ ಎಂದು ಹೆಸರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ರಾಶಿಯಾಗಿವೆ. ಬಟ್ಟೆ ಹೋಯಿತು, ಬಳಪ ಹೋಯಿತು, ಕಡತ ಎಂಬ ಹೆಸರು ಮಾತ್ರ ವಿಧಾನಸೌಧದಲ್ಲಿ ಈಗಲೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ, ಅಂದರೆ ಹೋಗಬೇಕಾಗಿದೆ.

ಮೋಡಿ ಎಂಬ ಹೆಸರನ್ನು ಯಾರು ಯಾಕೆ ಇಟ್ಟರೋ, ನಮ್ಮ ಹಳ್ಳಿಯವರಿಗೆ ಅದು ಮೋಡಿ ಮಾಡುವವರ ಮೋಡಿಯೇ ಆಗಿತ್ತು. ಮೂರು ಎಕರೆ ಹತ್ತು ಗುಂಟೆ ಕಣ್ಣೆದುರಿಗೇ ಬೇರೆಯವರದಾಗುತ್ತಿತ್ತು. ಪಹಣಿಯಲ್ಲಿ ಏನಿದೆ ಎಂದು ಕೇಳಲು ಹೋದವನು ತೆಂಗಿನಕಾಯಿ, ಬೆಲ್ಲ ಹಿಡಿದುಕೊಂಡು ಹೋಗುತ್ತಿದ್ದ. ಶಾನುಭೋಗರು ಕನ್ನಡಕ ಏರಿಸಿ, "ಇಲ್ಲಿ ನೋಡು, ಬರೆದಿದೆಯಲ್ಲ" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಅವನು ನೋಡುತ್ತಿದ್ದ. ಬರೆದೇ ಇತ್ತು! ಆ ಕಾಲದಲ್ಲಿ ಸ್ಪಷ್ಟವಾಗಿ ಬರೆಯುವ ಶಾನುಭೋಗನಿಗೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡುತ್ತಿದ್ದರೇನೋ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ ಗ್ರಾಮ ಲೆಕ್ಕಿಗರು ಬಂದರು. ಹುದ್ದೆ ಬದಲಾಯಿತು, ಅಕ್ಷರ ಬದಲಾಗಲಿಲ್ಲ. ಈ ಶತಮಾನದ ಶುರುವಿನಲ್ಲಿ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿ ಅಚ್ಚಿನ ಅಕ್ಷರದಲ್ಲಿ ಹೊರಬರತೊಡಗಿದ ಮೇಲೆ ರೈತ ಮೊದಲ ಬಾರಿಗೆ ತನ್ನ ಹೊಲವನ್ನು ತಾನೇ ಓದಿದ. ಓದಿದ ಮೇಲೆ ಕೋರ್ಟಿಗೆ ಹೋದವರೂ ಇದ್ದಾರೆ.

ಸಾಹೇಬರು ಕಡತದ ಅಂಚಿನಲ್ಲಿ ಗೀಚಿದರೆ ಅದು ಷರಾ. ಇದಕ್ಕೆ ಕೆಟ್ಟ ಹೆಸರೇ ಇಲ್ಲ. ಸಾಹೇಬರು ಮೀಟಿಂಗಿಗೆ ಹೊರಟ ಮೇಲೆ ಕಚೇರಿಯ ನಾಲ್ವರು ತಲೆ ಸೇರಿಸಿ, ಅದು 'ಮಂಜೂರು' ಹೌದೋ 'ಮುಂದೂಡಿ' ಹೌದೋ ಎಂದು ಚರ್ಚಿಸುತ್ತಾರೆ. ಎರಡಕ್ಕೂ ಮೊದಲಲ್ಲಿ ಮಕಾರ, ನಡುವೆ ಸೊನ್ನೆ, ಆಮೇಲೆ ಒಂದು ಉದ್ದ ಅಲೆ. ಅರ್ಜಿದಾರನ ಭವಿಷ್ಯವೆಲ್ಲ ಆ ಅಲೆಯ ಮೇಲೆ ತೇಲುತ್ತಿರುತ್ತದೆ. ಕೊನೆಗೆ ಹಿರಿಯ ಗುಮಾಸ್ತರು, "ಸಾಹೇಬರು ಬೆಳಿಗ್ಗೆ ಮನೆಯಿಂದ ಬಂದಾಗ ಹೇಗಿದ್ದರು?" ಎಂದು ಡ್ರೈವರನ್ನು ಕೇಳಿ ತೀರ್ಮಾನ ಮಾಡುತ್ತಾರೆ.

ರುಜುವಿನ ಮಾತೇ ಬೇರೆ. ಅದನ್ನು 'ಬರೆ' ಎಂದು ಯಾರೂ ಅನ್ನುವುದಿಲ್ಲ. "ಇಲ್ಲೊಂದು ಸೈನ್ ಗೀಚಿಬಿಡಿ" ಅನ್ನುತ್ತಾರೆ, ಬ್ಯಾಂಕಿನವರೂ ಸಹ. ಜಗತ್ತಿನಲ್ಲಿ ಗೀಚುವುದಕ್ಕೆ ಕಾನೂನಿನ ಮಾನ್ಯತೆ ಇರುವುದು ಇದೊಂದರಲ್ಲೇ. ಓದಲು ಬಂದರೆ ಅದಕ್ಕೆ ಬೆಲೆ ಕಡಿಮೆ, ಮೇಷ್ಟರ ರುಜು ಅನ್ನುತ್ತಾರೆ. ನನ್ನದು ಓದಲು ಬಾರದ ಉತ್ತಮ ದರ್ಜೆಯ ರುಜು. ಆದರೂ ಒಂದು ಬ್ಯಾಂಕಿನಲ್ಲಿ ನನ್ನ ಚೆಕ್ಕನ್ನು ವಾಪಸು ಕಳಿಸಿದರು, ರುಜು ತಾಳೆಯಾಗುತ್ತಿಲ್ಲವಂತೆ. ಹೋಗಿ ಎದುರಿಗೆ ಕೂತೆ. ಕೌಂಟರಿನ ಹುಡುಗಿ ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿ, "ನೋಡಿ ಸರ್, ಅಕೌಂಟ್ ತೆರೆದಾಗ ನೀವು ಇಲ್ಲಿ ಹೀಗೆ ಎಳೆದು, ಹೀಗೆ ಸುತ್ತಿ, ಇಲ್ಲಿ ಕೆಳಗೆ ಜಾರಿದೀರಿ. ಈಗ ಜಾರ್ತಾ ಇಲ್ಲ" ಅಂದಳು. ಒಂದು ಖಾಲಿ ಹಾಳೆ ಕೊಟ್ಟಳು. ಅರ್ಧ ಗಂಟೆ ಕೂತು ನನ್ನದೇ ಗೀಚನ್ನು ನಾನೇ ತಿದ್ದಿದೆ. ಆಕೆ ನಡುನಡುವೆ ಬಗ್ಗಿ ನೋಡಿ, "ಇನ್ನೂ ಸ್ವಲ್ಪ ಕೆಟ್ಟದಾಗಿ ಸರ್" ಎಂದು ಹುರಿದುಂಬಿಸುತ್ತಿದ್ದಳು. ಜೀವನದಲ್ಲಿ ಯಾವ ಮೇಷ್ಟರೂ ನನಗೆ ಹೇಳದೆ ಹೋದ ಮಾತು.

ಇನ್ನು ಗೀಚುವುದರಲ್ಲೇ ಮರ್ಯಾದೆ ಕಂಡುಕೊಂಡವರು ಕವಿಗಳು. "ಏನೋ ಎರಡು ಸಾಲು ಗೀಚಿದ್ದೀನಿ, ನೋಡಿ" ಎಂದು ಯಾರಾದರೂ ಕೈಯಲ್ಲಿ ಹಾಳೆ ಹಿಡಿದು ಬಂದರೆ ತಿಳಿದುಕೊಳ್ಳಬೇಕು, ಅದು ಎರಡು ಸಾಲಲ್ಲ, ಗೀಚಿದ್ದೂ ಅಲ್ಲ. ಮೂರು ಸಲ ಶುದ್ಧಪ್ರತಿ ಮಾಡಿ, ಅಂಚಿಗೆ ಗೆರೆ ಹೊಡೆದು ತಂದ ನೀಳ್ಗವನ. ಅದೇ ಮಾತನ್ನು ನಾವು ಹೇಳಿನೋಡಬೇಕು, "ನೀವು ಗೀಚಿದ್ದನ್ನು ಓದಿದೆ" ಎಂದು! ತಾನು ಅಂದರೆ ವಿನಯ, ಬೇರೆಯವರು ಅಂದರೆ ವಿಮರ್ಶೆ. ಟಿ.ಪಿ. ಕೈಲಾಸಂ ಈ ತಂಟೆಯೇ ಬೇಡ ಎಂದು ನಾಟಕಗಳನ್ನು ಬಾಯಲ್ಲಿ ಹೇಳಿ ಸ್ನೇಹಿತರ ಕೈಯಲ್ಲಿ ಬರೆಸಿದರು. ಅವರ ಅಕ್ಷರವನ್ನು ಯಾರೂ ಆಡಿಕೊಳ್ಳುವಂತಿಲ್ಲ.

ಕವಿ ಗೀಚಿದ್ದನ್ನು ಓದಲೇಬೇಕಾಗಿದ್ದವರು ಅಚ್ಚುಕೂಟದ ಮೊಳೆ ಜೋಡಿಸುವವರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಾಗ ಮೊಳೆಯ ಗೊಡವೆಯೇ ಇರಲಿಲ್ಲ. ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತೆಗೆದರು, ಅಂದರೆ ಕೈಯಲ್ಲಿ ಬರೆದದ್ದೇ ಅಚ್ಚಾಯಿತು. ಬರೆದವನ ಅಕ್ಷರ ಕೆಟ್ಟದ್ದಾಗಿದ್ದರೆ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲ ದಿನವೇ ಕಾಗೆ ಕಾಲಾಗುತ್ತಿತ್ತು. ಆಮೇಲೆ ಸೀಸದ ಮೊಳೆ ಬಂತು, ಎಂಥ ಬ್ರಹ್ಮಲಿಪಿಯನ್ನೂ ಕಣ್ಣಲ್ಲೇ ಬಿಡಿಸಿ ಬೆರಳಲ್ಲಿ ಜೋಡಿಸುವ ಒಂದು ಜನಾಂಗವೇ ಬಂತು. ನಿಂತೇ ಕೆಲಸ, ಮಂದ ಬೆಳಕು, ಮೊಳೆಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಅವರು ಓದದ ಅಕ್ಷರ ಇರಲಿಲ್ಲ. ಯಾವಾಗಲಾದರೊಮ್ಮೆ ತಪ್ಪಿದರೆ ಲೇಖಕ ತನ್ನ ಅಕ್ಷರವನ್ನು ಬಯ್ದುಕೊಳ್ಳುತ್ತಿರಲಿಲ್ಲ, "ಮುದ್ರಾರಾಕ್ಷಸನ ಹಾವಳಿ" ಎಂದು ಬರೆಯುತ್ತಿದ್ದ. ಗೀಚಿದವನು ಕವಿ, ಓದಲು ಹೆಣಗಿದವನು ರಾಕ್ಷಸ!

ಕನ್ನಡದ ಅಕ್ಷರಗಳಲ್ಲೇ ಒಳಸಂಚು ಇರುವಾಗ ರಾಕ್ಷಸನನ್ನು ದೂರಿ ಏನು ಫಲ? ಹೊಟ್ಟೆಯೊಳಗೆ ಒಂದು ಗೆರೆ ಎಳೆದರೆ ಬಕಾರ ಚಕಾರವಾಗುತ್ತದೆ. ನಾನು ಕಿರಾಣಿ ಚೀಟಿಯಲ್ಲಿ ಬರೆದುಕೊಟ್ಟ 'ತೊಗರಿ ಬೇಳೆ'ಯನ್ನು ಅಂಗಡಿಯವನು 'ತೊಗರಿ ಚೇಳೆ' ಎಂದು ಜೋರಾಗಿ ಓದಿ, ಕೆಂಪೋ ಕರಿಯೋ ಎಂದು ಕೇಳಿದ್ದುಂಟು. ವಕಾರಕ್ಕೆ ಕೊಂಬು ಕೊಟ್ಟರೆ ಮಕಾರದ ಹಾಗೆ ಕಾಣುತ್ತದೆ, ಆದ್ದರಿಂದ ನನ್ನ ಬರಹದಲ್ಲಿ 'ನಾವು' ಎಂಬುದು ಸದಾ 'ನಾಮ'. ಇವೆಲ್ಲಕ್ಕಿಂತ ಅಪಾಯಕಾರಿ ಜೋಡಿ ಪಕಾರ ವಕಾರ. ಮೇಲೆ ಬಾಯಿ ತೆರೆದಿದ್ದರೆ ಪ, ಮುಚ್ಚಿದ್ದರೆ ವ. ವ್ಯತ್ಯಾಸ ಒಂದು ಕೂದಲೆಳೆ.

ಈ ಕೂದಲೆಳೆಯ ಮೇಲೆ ನಮ್ಮ ಮನೆತನದ ಒಂದು ಮದುವೆ ನಿಂತಿದೆ. ನಮ್ಮ ಚಿಕ್ಕಪ್ಪ ಆಗ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟರು. ವಂಶದ ಅಕ್ಷರ ಅವರಿಗೂ ಬಂದಿತ್ತು. ಊರಲ್ಲಿ ಒಬ್ಬ ಜಮೀನುದಾರರಿಗೂ ಪಕ್ಕದ ತೋಟದವರಿಗೂ ಬೇಲಿಯ ತಕರಾರು. ಪಂಚಾಯ್ತಿ ಸೇರುವ ಮುನ್ನ ಚಿಕ್ಕಪ್ಪ ಜಮೀನುದಾರರಿಗೆ ಧೈರ್ಯ ಹೇಳಿ ಒಂದು ಚೀಟಿ ಕಳಿಸಿದರು. ಅದರ ಕೊನೆಯ ಸಾಲು, "ಯಾರು ಏನೇ ಹೇಳಲಿ, ನಾನು ನಿಮ್ಮ ಪರ." ಜಮೀನುದಾರರ ಕನ್ನಡಕ ಒಡೆದು ರಿಪೇರಿಗೆ ಹೋಗಿತ್ತು. ಮಗಳನ್ನು ಕರೆದು ಓದಿಸಿದರು. ಅವಳು ಜಗಲಿಯ ಕಂಬಕ್ಕೆ ಒರಗಿ ನಿಂತು ಗಟ್ಟಿಯಾಗಿ ಓದಿದಳು: "ಯಾರು ಏನೇ ಹೇಳಲಿ, ನಾನು ನಿಮ್ಮ ವರ."

"ಬೇಲಿ ವಿಷಯಕ್ಕೂ ವರನ ವಿಷಯಕ್ಕೂ ಏನೇ ಸಂಬಂಧ?" ಎಂದರಂತೆ ಅವರು.

"ನಂಗೇನು ಗೊತ್ತು ಅಪ್ಪಯ್ಯ, ಬರೆದಿದ್ದು ಓದಿದೆ" ಎಂದು ಅವಳು ಒಳಗೆ ಹೋದಳು.

ಸಂಜೆ ಬೇಲಿಯ ಮಾತಾಡಲು ಬಂದ ಚಿಕ್ಕಪ್ಪನಿಗೆ ಕಾಫಿಯ ಜೊತೆ ಉಪ್ಪಿಟ್ಟು, ಉಪ್ಪಿಟ್ಟಿನ ಜೊತೆ ಗೋತ್ರ ನಕ್ಷತ್ರದ ವಿಚಾರಣೆ. ಮೇಷ್ಟರು ಗಾಬರಿಯಾಗಿ ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟುಬಿಟ್ಟರು. ಮುಂದಿನ ವೈಶಾಖದಲ್ಲಿ ಮದುವೆಯಾಯಿತು. ಬೇಲಿ ಏನಾಯಿತು ಎಂದು ಯಾರಿಗೂ ನೆನಪಿಲ್ಲ.

ಕಳೆದ ಸಲ ಚಿಕ್ಕಪ್ಪನ ಮನೆಗೆ ಹೋದಾಗ ಈ ಕಥೆ ಮತ್ತೆ ಬಂತು. ಅಕ್ಷರ ಕೆಟ್ಟದ್ದಾಗಿದ್ದರೂ ಒಮ್ಮೊಮ್ಮೆ ಒಳ್ಳೆಯದೇ ಆಗುತ್ತದೆ ನೋಡಿ ಎಂದು ನಾನು ನಮ್ಮ ವಂಶದ ಪರವಾಗಿ ವಾದಿಸುತ್ತಿದ್ದೆ. ಚಿಕ್ಕಮ್ಮ ಹಲಸಿನ ಹಪ್ಪಳ ಒಣಹಾಕುತ್ತಾ, "ಇವರ ಅಕ್ಷರ ಅವತ್ತು ಸರಿಯಾಗೇ ಇತ್ತು ಕಣೋ. ಪ ಅಂತಲೇ ಇತ್ತು, ಬಾಯಿ ತೆರೆದೇ ಇತ್ತು. ನಾನೇ ಮುಚ್ಚಿದ್ದು" ಎಂದರು.

ಚಿಕ್ಕಪ್ಪ ಪೇಪರಿನ ಹಿಂದಿನಿಂದ ಹೇಳಿದರು, "ಅವತ್ತಿಂದ ಮುಚ್ಚಿಕೊಂಡೇ ಇದೆ."